ಎಡಕ್ಕಷ್ಟೇ ಹೊರಳುವ ಗಾಡಿ

ಆಟಿಕೆಗಳ ಮೇಲೆ ನನಗೇನೂ ಸಿಟ್ಟಿಲ್ಲ. ಮೀಸೆ ಬಂದ ಮೇಲೂ ಆಟಿಕೆ ಹಿಡಿದು ಕೂತವರನ್ನು ಕಂಡರೆ ಮಾತ್ರ ತಾತ್ಸಾರ, ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ. ಇಂಥ ನಾನು ಮಗಳಿಗೆ ವರ ನೋಡಲೆಂದು ಜೇವರ್ಗಿಯಿಂದ ಬಸ್ಸು ಬದಲಿಸುತ್ತ, ಧೂಳು ಕುಡಿಯುತ್ತ ನಿಂಬರ್ಗಾಕ್ಕೆ ಹೋದರೆ, ಆ ವರಮಹಾಶಯ ಪಡಸಾಲೆಯಲ್ಲಿ ಬೋರಲು ಬಿದ್ದು ಒಂದು ಗೊಂಬೆ ಕಾರಿನ ಹೊಟ್ಟೆಯೊಳಗೆ ಊದುತ್ತಿದ್ದ!

ಎಂಬತ್ತರ ದಶಕದ ಕೊನೆಯ ಮಾತಿದು. ಹುಡುಗನ ಹೆಸರು ಶರಣಬಸಪ್ಪ, ಅಫಜಲಪುರದಲ್ಲಿ ವಿಜ್ಞಾನದ ಮಾಸ್ತರ. ಸಂಬಂಧ ತಂದವನು ನನ್ನ ಅರಿವೆ ಅಂಗಡಿಯ ಪಕ್ಕದ ಖಾಸಿಂಸಾಬ. "ಹುಡುಗ ಬಂಗಾರ ಅದಾನ್ರಿ ಸಾವಕಾರ್ರ. ಬೀಡಿಲ್ಲ, ಎಲಿಯಿಲ್ಲ, ಇಸ್ಪೀಟಿಲ್ಲ" ಎಂದಿದ್ದ. ಇವ್ಯಾವೂ ಇಲ್ಲದವನಿಗೆ ಇನ್ನೇನೋ ಇರಲೇಬೇಕೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ಕಾರಿನ ವಂಶಾವಳಿಯನ್ನು ಅವನೇ ಹೇಳಿದ. ಮೈ ಅಮೆರಿಕದ್ದು, ಯಾರೋ ಬಿಸಾಕಿದ್ದು ಹೈದರಾಬಾದಿನ ಗುಜರಿಯಲ್ಲಿ ಸಿಕ್ಕಿತ್ತು. ಮೋಟರು ಸೊಲ್ಲಾಪುರದ್ದು. ದೂರದಿಂದಲೇ ರೇಡಿಯೋ ಅಲೆಯ ಮೇಲೆ ಅದನ್ನು ಆಡಿಸುವ ಡಬ್ಬಿ ಮುಂಬೈಯದು. ಡಬ್ಬಿಯ ಆಂಟೆನಾ ಮಾತ್ರ ಸ್ವಂತ ಮನೆಯ ಟ್ರಾನ್ಸಿಸ್ಟರಿನದು, ಹೀಗಾಗಿ ಆ ಮನೆಯಲ್ಲಿ ರೇಡಿಯೋ ಸಿಲೋನಿನ ಹಾಡು ನಿಂತುಹೋಗಿತ್ತು. ಎಡಗಡೆಯ ಗಾಲಿಗಳ ರಬ್ಬರು ಹಳೆಯ ಹವಾಯಿ ಚಪ್ಪಲಿಯಿಂದ ಕೊರೆದದ್ದು. ವರ್ಷಗಟ್ಟಲೆ ಹೀಗೆ ಕೂಡಿಸಿದನಂತೆ. ಅಷ್ಟು ಹೊತ್ತಿನಲ್ಲಿ ಇನ್ನೊಬ್ಬನಾಗಿದ್ದರೆ ಮನೆಯ ಮೇಲೊಂದು ಮಾಳಿಗೆ ಏರಿಸುತ್ತಿದ್ದ.

"ಎಡಗಡೆ ಗಾಲಿ ಸಣ್ಣು, ಬಲಗಡೆ ದೊಡ್ಡು, ಯಾಕಪಾ?" ಎಂದೆ.

"ಅಮೆರಿಕದಾಗ ಮಣ್ಣಿನ ಮ್ಯಾಲ ತತ್ತಿ ಆಕಾರದ ಹಾದಿ ಮಾಡಿ ಪಂದ್ಯ ಹಚ್ತಾರ್ರಿ. ಎಲ್ಲಾ ಎಡಕ್ಕ ಹೊಳ್ಳೂದೇ. ಅದಕ್ಕ ಇದು ಎಡಕ್ಕಷ್ಟೇ ಹೊಳ್ಳತದ್ರಿ."

ನೋಡಿ, ಚಂದ್ರನ ಮೇಲೆ ಕಾಲಿಟ್ಟು ಬಂದ ಜನ! ಬಲಕ್ಕೆ ಹೊರಳಲಾರದ ಗಾಡಿ ಕಟ್ಟಿ, ಬಾಯಿ ಬಡಿದುಕೊಂಡು ಓಡಿಸಿ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತಾರೆ. ನಮ್ಮ ಎತ್ತುಗಳೂ ಕಣದಲ್ಲಿ ಸುತ್ತುತ್ತವೆ, ಆದರೆ ಅವುಗಳ ಕಾಲಡಿ ಜೋಳವಾದರೂ ಉದುರುತ್ತದೆ. ಈ ಸಂಬಂಧಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಉಂಡು ಸಂಜೆಯ ಬಸ್ಸು ಹಿಡಿದರೆ ಮುಗಿಯಿತು, ಮಗಳನ್ನಂತೂ ಇಲ್ಲಿಗೆ ಕೊಡುವುದಿಲ್ಲ.

ಊಟವಾದ ಮೇಲೆ ಹುಡುಗ ನನ್ನನ್ನೂ ತನ್ನ ಮನೆಯವರನ್ನೂ ಕಣಕ್ಕೆ ಕರೆದೊಯ್ದ. ರಾಶಿ ಮುಗಿದು ಕಣ ಖಾಲಿಯಿತ್ತು, ನಡುವೆ ಎತ್ತು ಕಟ್ಟುವ ಮೇಟಿಕಂಬ ಅರಿಶಿನ ಬಳಿದುಕೊಂಡು ನಿಂತಿತ್ತು. ಕಾರು ಆ ಮೇಟಿಯನ್ನು ಸುತ್ತತೊಡಗಿತು. ಧೂಳೆಬ್ಬಿಸುತ್ತ ಓಡುತ್ತಿತ್ತು ಅನ್ನಿ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಹುಡುಗನ ಅಜ್ಜಿ ಕೋಲೂರಿಕೊಂಡು ಬಂದಳು.

"ಏ ಶರಣ್ಯಾ, ನಿಂದ್ರಸಲೇ ಅದನ್ನ! ಹೆಣ್ಣಿನವರು ಬಂದಾಗ ಮೇಟಿಗಿ ಎಡಸುತ್ತು ಹಾಕ್ತೀ? ಖೋಡಿ, ಮದಿವಿ ಆಗೂದದನೋ ಇಲ್ಲೋ ನಿಂದು?"

ಹುಡುಗನ ಅಪ್ಪನ ಮುಖ ಕಪ್ಪಿಟ್ಟಿತು. ಎಲ್ಲರೂ ನನ್ನನ್ನೇ ನೋಡಿದರು.

ಶಿವನ ಗುಡಿಯಲ್ಲಿ ಅಭಿಷೇಕದ ನೀರು ಹರಿಯುವ ಕಾಲುವೆ ದಾಟಬಾರದೆಂದು ಅರ್ಧ ಸುತ್ತಿ, ಹೋದ ದಾರಿಯಲ್ಲೇ ತಿರುಗಿ ಬರುವ ಪದ್ಧತಿಯಿದೆ. ಅಂದರೆ ಎಡಸುತ್ತಿಗೂ ಶಾಸ್ತ್ರದ ಒಪ್ಪಿಗೆಯುಂಟು. ಅದೂ ಹೋಗಲಿ, ಗುಡಿಯೇ ಬೇಡವೆಂದ ಶರಣರ ಒಕ್ಕಲು ನಾವು, ನಮಗೆ ಒಂದು ಗೂಟವನ್ನು ಯಾವ ಕಡೆಯಿಂದ ಸುತ್ತಬೇಕೆಂಬ ಚಿಂತೆ! ಇದನ್ನೆಲ್ಲ ನಾನೇ ಹೇಳಬಹುದಿತ್ತು. ಆದರೆ ವಿಜ್ಞಾನದ ಮಾಸ್ತರ ಈಗ ಮುದುಕಿಗೆ ಭಾಷಣ ಬಿಗಿಯುತ್ತಾನೆ, ನೋಡೋಣವೆಂದು ಕಾದೆ.

ಅವನು ಬಿಗಿಯಲಿಲ್ಲ. "ಹೌದು ಆಯಿ, ತಪ್ಪಾತು" ಎಂದು ಕಣದಲ್ಲೇ ಕೂತ. ಕಾರನ್ನು ಅಂಗಾತ ಮಾಡಿ, ಮೋಟರಿನ ಎರಡು ವೈರುಗಳನ್ನು ಅದಲುಬದಲು ಮಾಡಿ, ಮತ್ತೆ ನೆಲಕ್ಕಿಟ್ಟ. ಕಾರು ಹೊರಟಿತು, ಆದರೆ ಹಿಂದುಹಿಂದಕ್ಕೆ! ಬಾಲ ಮುಂದೆ, ಮೂತಿ ಹಿಂದೆ, ಮೇಟಿಗೆ ಲಕ್ಷಣವಾಗಿ ಬಲಸುತ್ತು ಹಾಕಿತು.

"ಹಾಂ, ಈಗ ಛಲೋ ಆತು ನೋಡು" ಎಂದಳು ಅಜ್ಜಿ. ಗಾಡಿ ಹಿಮ್ಮುಖವಾಗಿ ಓಡುತ್ತಿದೆಯೆಂದು ಅಲ್ಲಿ ಒಬ್ಬರಿಗೂ ಬೇಸರವಿರಲಿಲ್ಲ. ಸುತ್ತು ಬಲಕ್ಕಾದರೆ ಸಾಕು, ಹಿಂದಕ್ಕೆ ಹೋದರೇನು? ನಮ್ಮ ಜನದ ಸುಧಾರಣೆಯೆಲ್ಲ ಹೀಗೇ ನಡೆದು ಬಂದಿದೆ. ಆದರೆ ನಾನು ಹುಡುಗನ ಮುಖ ನೋಡಿದೆ. ವರ್ಷಗಟ್ಟಲೆಯ ದುಡಿಮೆ ಬಾಲ ಮುಂದೆ ಮಾಡಿಕೊಂಡು ಓಡುತ್ತಿದ್ದರೂ ಅವನು ಅಜ್ಜಿಯತ್ತ ನೋಡಿ ಸಂತೋಷದಿಂದ ನಗುತ್ತಿದ್ದ. ನನಗೆ ಯಾಕೋ ಅದು ಹಿಡಿಸಿತು, ಹಿಡಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಮನೆಗೆ ಬಂದಾಗ ಹೆಂಡತಿ ಹೊಲವೆಷ್ಟು, ಬಾವಿಯಲ್ಲಿ ನೀರಿದೆಯೇ ಎಂದೆಲ್ಲ ಕೇಳಿದಳು. ನಾನು ಕಾರಿನ ಕಥೆಯನ್ನು ಸಾಧ್ಯವಾದಷ್ಟು ಹೀಯಾಳಿಸಿ ಹೇಳಿದೆ. ಅಡುಗೆಮನೆಯ ಬಾಗಿಲ ಹಿಂದಿನಿಂದ ಮಗಳ ದನಿ ಬಂತು.

"ಮತ್ತ ಓಡ್ತೇನಪ್ಪಾ ಅದು?"

"ಓಡ್ತು. ಹಿಂದಕ್ಕ."

"ಓಡ್ತಲ್ಲ!" ಎಂದು ನಕ್ಕಳು. ಮರುದಿನ ನಿಂಬರ್ಗಾಕ್ಕೆ ಒಪ್ಪಿಗೆ ಹೇಳಿ ಕಳಿಸಿದೆ.

ಅಳಿಯನ ಮೇಲಿನ ನನ್ನ ತಾತ್ಸಾರ ಇಂದಿಗೂ ಇಳಿದಿಲ್ಲ. ಜೇವರ್ಗಿಗೆ ಬಂದಾಗಲೆಲ್ಲ ನನ್ನ ಟ್ರಾನ್ಸಿಸ್ಟರಿನ ಮೇಲೆ ಕಣ್ಣು ಹಾಕುತ್ತಾನೆ. ಅದಕ್ಕೇ ಅವನು ಬರುವ ಮೊದಲು ಅದನ್ನು ಕಪಾಟಿನಲ್ಲಿಟ್ಟು ಬೀಗ ಜಡಿಯುತ್ತೇನೆ. ಬೀಗದ ಕೈ ಎಲ್ಲಿಡುತ್ತೇನೆಂದು ಮಗಳಿಗೆ ಗೊತ್ತು, ಆ ಜಾಗವನ್ನು ಮಾತ್ರ ನಾನು ಬದಲಿಸಿಲ್ಲ.