ಮುದ್ದೆ ಉಂಡ ಮರುದಿನದ ಬಳೆ

ಅಂದು ನಲ್ಲಿನೀರು ಹಿಡಿದೆ, ಯಜಮಾನರ ಫ್ಯಾಕ್ಟರಿ ಬಟ್ಟೆಯ ಗ್ರೀಸ್ ಉಜ್ಜಿದೆ, ಸೀಮೆಎಣ್ಣೆಗೆ ಸಾಲು ನಿಂತೆ, ಹುರುಳಿಕಾಳಿನ ಬಸ್ಸಾರು ಮಾಡಿದೆ. ಕೈ ಕೆಲಸದಲ್ಲಿದ್ದರೂ ಮನಸ್ಸೆಲ್ಲ ರಾತ್ರಿಯ ಊಟದ ಮೇಲೆಯೇ ಇತ್ತು.

ಹದಿನಾರರ ಮಗಳು ದಪ್ಪಗಾಗುವ ಭಯಕ್ಕೆ ಊಟ ಬಿಟ್ಟು ಕಡ್ಡಿಯಾಗಿದ್ದಳು. ಪೀಣ್ಯದಿಂದ ಎರಡು ಬಸ್ಸು ಹಿಡಿದು ಹೋಗಿ ಕಂಡ ಮನೋವೈದ್ಯೆ ಅವಳನ್ನು ಬೈಯಲಿಲ್ಲ. “ಭಯ ಹೇಳೋದು ನಿಜಾನಾ ಅಂತ ನೀನೇ ಪರೀಕ್ಷೆ ಮಾಡಮ್ಮ” ಎಂದರು. ರಾತ್ರಿ ಮುದ್ದೆ ತಿಂದರೆ ಬೆಳಿಗ್ಗೆ ಬಳೆ ಏರುವುದಿಲ್ಲ ಎಂಬುದು ಮಗಳ ಭಯ. ನನಗೂ ಒಂದು ಕಟ್ಟಳೆ ಹಾಕಿದ್ದರು: ತಿನ್ನು ತಿನ್ನು ಎಂದು ಒತ್ತಾಯ ಮಾಡಬಾರದು.

ಹಿಂದಿನ ರಾತ್ರಿ ಅರ್ಧ ಮುದ್ದೆ ತಿಂದು, ಬಳೆ ತೆಗೆದಿಟ್ಟು ಮಲಗಿದ್ದಳು. ಬೆಳಿಗ್ಗೆ ಎದ್ದವಳೇ ತೊಟ್ಟು ನೋಡಿದಳು. ಬಳೆ ಮೊಣಕೈವರೆಗೆ ಜಾರಿತು.

“ಏರ್ತು ಕಣಮ್ಮ!”

“ಮುದ್ದೆಗೂ ಬಳೆಗೂ ಏನೇ ಜಗಳ?” ಮುಖ ತೊಳೆಯುತ್ತಿದ್ದ ಅವರಪ್ಪ ಕೇಳಿದರು.

ಅವಳು ನಕ್ಕಳು. “ಇವತ್ತೂ ನೋಡೇಬಿಡ್ತೀನಿ.”

ರಾತ್ರಿ ಮುದ್ದೆ ಬಡಿಸಿ, ಬಾಯಿ ಬಿಗಿಹಿಡಿದು ಕೂತೆ. ಅವಳೇ ಸೌಟು ಎಳೆದುಕೊಂಡು ಬಸ್ಸಾರು ಬಿಟ್ಟುಕೊಂಡಳು. ಮುಕ್ಕಾಲು ಮುದ್ದೆ ಉಂಡಳು. ಬಳೆ ಕಿಟಕಿಯಲ್ಲಿಟ್ಟು, ನಮಗಿಂತ ಮೊದಲು ನಿದ್ದೆಹೋದಳು.