ಬಾಯಿ ಮುಚ್ಚಿದ ಒಳಜೇಬು

ಬೀದಿಯವರಿಗೆಲ್ಲ ಅವನು ಕೋಟಣ್ಣ. ಮೂವತ್ತೊಂದು ವರ್ಷದಿಂದ ಒಂದೇ ಅಂಗಡಿ, ಒಂದೇ ಹೊಲಿಗೆ ಯಂತ್ರ, ಕುತ್ತಿಗೆಗೆ ಒಂದೇ ಅಳತೆ ಟೇಪು. ಹೆಬ್ಬೆರಳು ತಾಗಿ ತಾಗಿ ಟೇಪಿನ ಮೊದಲ ಎರಡು ಅಂಕಿಗಳು ಅಳಿಸಿಹೋಗಿದ್ದವು. ಮಿಕ್ಕ ಬಟ್ಟೆಯನ್ನು ಅಂಗೈಯಗಲದ ಚೂರೂ ಇಟ್ಟುಕೊಳ್ಳದೆ ಮಡಚಿ ಗಿರಾಕಿಗೆ ವಾಪಸು ಕೊಡುವವನು ಎಂದು ಅವನಿಗೆ ಹೆಸರಿತ್ತು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಜಂಬವೂ ಇತ್ತು.

ಭಾನುವಾರ ಮಧ್ಯಾಹ್ನ ಯಂತ್ರಕ್ಕೆ ರಜೆ. ಊಟ ಮುಗಿಸಿ ಅವನೂ ಮಗಳೂ ಟಿವಿಯ ಮುಂದೆ ಕೂತು ರೈಲು ಓಡಿಸುವ ವಿಡಿಯೊ ಗೇಮ್ ಆಡುತ್ತಿದ್ದರು. ಮಗಳು ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸದವಳು. ಸಂಜೆ ಅಪ್ಪನ ಕೋಟುಗಳಿಗೆ ಕೈಹೊಲಿಗೆ ಹಾಕಿಕೊಡುತ್ತಿದ್ದಳು. ಅಪ್ಪನಿಗೆ ರೈಲೆಂದರೆ ಪ್ರಾಣ ಎಂದು ಗೊತ್ತಿದ್ದ ಅವಳೇ ಆ ಆಟದ ಡಿಸ್ಕನ್ನು ಪೂರ್ತಿ ಬೆಲೆ ಕೊಟ್ಟು ತಂದಿದ್ದಳು. ಮೊದಮೊದಲು ಕೋಟಣ್ಣ ಸ್ಟೇಷನ್ ದಾಟಿ ಹೋಗಿ ರೈಲು ನಿಲ್ಲಿಸಿ ನಗೆಪಾಟಲಾಗುತ್ತಿದ್ದ. ಈಗ ಗೆರೆಗೆ ಸರಿಯಾಗಿ ನಿಲ್ಲಿಸುತ್ತಿದ್ದ.

ಆ ಭಾನುವಾರ ರೈಲು ಒಂದು ಸೇತುವೆಯ ಹತ್ತಿರ ಬಂದು ನಿಂತಿತು. ಆಚೆ ಬೆಟ್ಟಗಳು, ಬೆಟ್ಟದ ಮೈಮೇಲೆ ಹಳಿ, ಎಲ್ಲವೂ ಕಾಣುತ್ತಿದ್ದವು. ಆದರೆ ಪರದೆಯ ನಡುವೆ ಬೀಗದ ಚಿತ್ರ ಬಂತು. ಬೆಟ್ಟದ ದಾರಿಗೆ ಬೇರೆ ದುಡ್ಡು ಕಟ್ಟಬೇಕಂತೆ.

"ಇದೇನೇ ಇದು? ಪೂರ್ತಿ ದುಡ್ಡು ಕೊಟ್ಟಿರ್ಲಿಲ್ವಾ ನೀನು?"

"ಕೊಟ್ಟಿದೀನಪ್ಪ. ಇದು ಎಕ್ಸ್‌ಟ್ರಾ. ಈಗ ಸುಮಾರು ಆಟಗಳಲ್ಲಿ ಹೀಗೇನೆ."

"ಅಂದ್ರೆ, ದುಡ್ಡು ಕಟ್ಟಿದ್ಮೇಲೆ ಬೆಟ್ಟ ಮಾಡಿ ಕಳಿಸ್ತಾರಾ?"

"ಇಲ್ಲ, ಈ ಡಿಸ್ಕಲ್ಲೇ ಇದೆ. ದುಡ್ಡು ಕಟ್ಟಿದ್ರೆ ಬೀಗ ತೆಗೀತಾರೆ, ಅಷ್ಟೆ."

ಕೋಟಣ್ಣನ ಪಿತ್ತ ನೆತ್ತಿಗೇರಿತು. ಡಿಸ್ಕನ್ನು ಡಬ್ಬಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. "ಅಪ್ಪಾ, ಅಲ್ಲಿ ಹೋಗಿ ರಾದ್ಧಾಂತ ಮಾಡ್ಬೇಡ" ಎನ್ನುತ್ತ ಮಗಳು ಹಿಂದೆಯೇ ಓಡಿದಳು.

ಆಟದ ಡಿಸ್ಕು ಮಾರುವ ಅಂಗಡಿ ಅವನ ಅಂಗಡಿಯಿಂದ ಮೂರನೆಯದು. ಅಲ್ಲಿ ಫೋನ್ ರಿಪೇರಿಯೂ ಆಗುತ್ತಿತ್ತು. ಒಡೆದ ಗಾಜು ಬದಲಾಯಿಸಿಕೊಳ್ಳಲು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಸ್ಟೂಲಿನ ಮೇಲೆ ಕೂತಿದ್ದರು. ಹೋದ ತಿಂಗಳು ಕೋಟಣ್ಣ ಹೊಲಿದುಕೊಟ್ಟ ಬೂದು ಕೋಟು ಅವರ ಮೈಮೇಲಿತ್ತು.

"ತಂಗೀ, ಅಂಗಿ ಮಾರಿ ತೋಳಿಗೆ ಬೇರೆ ದುಡ್ಡು ಕೇಳ್ತೀಯಾ ನೀನು?" ಎಂದು ಕೋಟಣ್ಣ ಡಬ್ಬಿಯನ್ನು ಅಂಗಡಿಯಾಕೆಯ ಮುಂದೆ ಗಲ್ಲಾದ ಮೇಲೆ ಕುಕ್ಕಿದ.

ಅವಳು ಸೋಲುವವಳಲ್ಲ. "ತೋಳು ಕೊಟ್ಟಿದಾರಲ್ಲಣ್ಣ! ನಲವತ್ತು ಸ್ಟೇಷನ್ ಇದೆ ಅದ್ರಲ್ಲಿ. ಬೆಟ್ಟ ಬೇಡ ಅನ್ನೋರು ಬೆಟ್ಟದ ದುಡ್ಡು ಯಾಕೆ ಕೊಡ್ಬೇಕು? ಡಬ್ಬಿ ಬೆಲೆ ಎಷ್ಟೋ ವರ್ಷದಿಂದ ಏರಿಲ್ಲ. ಮಾಡ್ದೋರು ಗಾಳಿ ತಿಂದು ಬದುಕ್ತಾರಾ?"

"ಆಮೇಲೆ ಕೂತು ಹೊಸದಾಗಿ ಮಾಡಿದ್ರೆ ಕೇಳ್ಲಿ, ನಾನೇ ಕೊಡ್ತೀನಿ. ಇದು ಒಳಗೇ ಇದೆ! ಮೊದಲೇ ಮಾಡಿ, ಒಳಗಿಟ್ಟು, ಬಾಯಿ ಹೊಲಿದುಬಿಟ್ಟು, ಬಿಚ್ಚೋದಕ್ಕೆ ದುಡ್ಡು..."

ಮಾತು ಅಲ್ಲಿಗೇ ನಿಂತಿತು. ಪಕ್ಕದಲ್ಲಿ ಮಗಳು ತನ್ನ ಕಾಲ್ಬೆರಳು ನೋಡುತ್ತ ನಿಂತಿದ್ದಳು.

"ಸರಿಯಾಗಿ ಹೇಳಿದ್ರಿ" ಎಂದರು ಮೇಷ್ಟ್ರು. "ನೋಡಮ್ಮ, ವ್ಯಾಪಾರ ಅಂದ್ರೆ ಇವರ ಹಾಗಿರ್ಬೇಕು. ಒಳಜೇಬಿಗೆ ಬೇರೆ ದುಡ್ಡು ಅಂದ್ರು, ನನ್ನ ಹತ್ರ ಆಗಲ್ಲಪ್ಪ ಅಂದೆ. ಬಲವಂತ ಮಾಡ್ಲಿಲ್ಲ, ಜೇಬು ಹಾಕ್ಲಿಲ್ಲ, ದುಡ್ಡೂ ತಗೊಳ್ಳಲಿಲ್ಲ." ಅವರು ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಂಡರು. ಅದರ ಒಂದು ಕಡ್ಡಿಗೆ ಬಿಳಿ ಪಟ್ಟಿ ಸುತ್ತಿದ್ದರು. ಹೊರಜೇಬಿನಲ್ಲಿಟ್ಟು ಬಗ್ಗಿದಾಗ ಜಾರಿಬಿದ್ದು ಮುರಿಯಿತು ಎಂದು ಅವರೇ ಹೋದ ವಾರ ನಗುತ್ತ ಹೇಳಿದ್ದರು.

ಕೋಟಣ್ಣ ಗಲ್ಲಾದ ಮೇಲಿದ್ದ ಡಬ್ಬಿಯನ್ನು ಮೆಲ್ಲಗೆ ಎತ್ತಿಕೊಂಡ.

ಆ ಕೋಟಿನಲ್ಲಿ ಒಳಜೇಬು ಇತ್ತು. ಆರು ವರ್ಷದಿಂದ ಅವನ ಪ್ರತಿ ಕೋಟಿನಲ್ಲೂ ಇತ್ತು. ಒಳಪದರದ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಂದೇ ಮಾದರಿಗೆ ಕತ್ತರಿಸಿದರೆ, ಜೇಬು ಬಿಡುವುದಕ್ಕಿಂತ ಹಾಕುವುದೇ ಬೇಗ. ಹೆಚ್ಚಿಗೆ ಕೊಟ್ಟವರಿಗೆ ಬಾಯಿ ತೆರೆದಿರುತ್ತಿತ್ತು, ಉಳಿದವರಿಗೆ ಮುಚ್ಚಿರುತ್ತಿತ್ತು. ಆಮೇಲೆ ಯಾರಾದರೂ ಬೇಕೆಂದು ಬಂದರೆ, "ಎರಡು ದಿನ ಬಿಟ್ಟು ಬನ್ನಿ, ಹೊಸದಾಗಿ ಕೂಡಿಸ್ಬೇಕು" ಎಂದು ಹೇಳಿ ಎರಡು ನಿಮಿಷದಲ್ಲಿ ಬಿಚ್ಚಿಡುತ್ತಿದ್ದ. ಹೊಲಿಗೆಯ ಕೂಲಿ ಏರಿಸಿದರೆ ಗಿರಾಕಿ ಓಡುತ್ತಾರೆ, ನಾನೂ ಬದುಕಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅಂಗಡಿಯಾಕೆ ಈಗ ಹೇಳಿದ್ದೂ ಅದನ್ನೇ.

ಆ ಬಾಯಿಗಳನ್ನು ಮುಚ್ಚುತ್ತಿದ್ದುದು ಮಗಳ ಸೂಜಿ. ಮೊದಲ ಸಲ ಅವಳು, "ಇದ್ದದ್ದನ್ನ ಯಾಕಪ್ಪ ಮುಚ್ಚೋದು?" ಎಂದು ಕೇಳಿದ್ದಳು. "ವ್ಯವಹಾರ ಕಣೆ, ನಿಂಗೆ ಗೊತ್ತಾಗಲ್ಲ" ಎಂದಿದ್ದ. ಅವಳು ಮತ್ತೆ ಕೇಳಿರಲಿಲ್ಲ.

"ಯಾಕಣ್ಣ, ಬೀಗ ನಿಮ್ಮ ಬಾಯಿಗೆ ಬಿತ್ತಾ?" ಎಂದು ಅಂಗಡಿಯಾಕೆ ನಕ್ಕಳು.

ಅವನು ಮೇಷ್ಟ್ರ ಕಡೆ ತಿರುಗಿದ. "ಮೇಷ್ಟ್ರೇ, ಒಂದ್ನಿಮಿಷ ಅಂಗಡಿಗೆ ಬರ್ತೀರಾ?" ಎಂದ.

ದಾರಿಯಲ್ಲಿ ಮಗಳು ಪಿಸುಗುಟ್ಟಿದಳು: "ಗುಂಡಿ ಸಡಿಲ ಇದೆ ಅಂತ ಇಸ್ಕೊಂಡು ಬಿಚ್ಚಿಬಿಡಪ್ಪ. ಹೊಸದಾಗಿ ಹಾಕ್ದೆ ಅಂತ ಹೇಳಿದ್ರೆ ಆಯ್ತು."

ಅದೇ ಸುಲಭವಾಗಿತ್ತು. ಬಾಗಿಲೆತ್ತಿ, ಮೇಷ್ಟ್ರ ಕೋಟು ಇಸಿದುಕೊಂಡು ಮೇಜಿನ ಮೇಲೆ ಹರಡಿದಾಗ "ಗುಂಡಿ" ಎಂಬ ಮಾತು ನಾಲಿಗೆಯ ತುದಿಗೂ ಬಂತು. ಇಂಥ ಮಾತು ಮಗಳಿಗೆ ಯಾರು ಕಲಿಸಿದರು ಎಂದು ಅನ್ನಿಸಿದಾಗ ನುಂಗಿಕೊಂಡ. ಮೇಷ್ಟ್ರ ಕಣ್ಣೆದುರಿಗೇ ಸಣ್ಣ ಕತ್ತರಿಯಿಂದ ಹನ್ನೊಂದು ಹೊಲಿಗೆ ಬಿಚ್ಚಿದ.

"ಕೈ ಹಾಕಿ ನೋಡಿ."

ಮೇಷ್ಟ್ರ ಕೈ ಮಣಿಕಟ್ಟಿನವರೆಗೂ ಒಳಗೆ ಹೋಯಿತು. "ಇದು ಮೊದಲಿಂದ ಇತ್ತಾ?"

"ಇತ್ತು. ಎಲ್ಲರ ಕೋಟಲ್ಲೂ ಇದೆ. ಮುಚ್ಚಿಸಿದ್ದು ನಾನೇ."

"ಯಾಕಪ್ಪ?" ಎಂದರು ಮೇಷ್ಟ್ರು, ಕೋಪವಿಲ್ಲದೆ, ನಿಜವಾಗಿ ತಿಳಿಯಲೆಂದೇ ಕೇಳುವವರಂತೆ.

ಕೋಟಣ್ಣ ಬಿಚ್ಚಿದ ದಾರದ ಚೂರುಗಳನ್ನು ಮೇಜಿನಿಂದ ಒಂದೊಂದಾಗಿ ಹೆಕ್ಕತೊಡಗಿದ. ಮೇಷ್ಟ್ರು ಕನ್ನಡಕ ತೆಗೆದು ಮಡಚಿದರು. ಜೇಬಿನ ಹತ್ತಿರ ಒಯ್ದು, ಯಾಕೋ ಬೇಡವೆನಿಸಿದವರಂತೆ ಕೈಯಲ್ಲೇ ಹಿಡಿದು, ಕೋಟನ್ನು ತೋಳಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.

ಮಗಳು ಗೂಟದಲ್ಲಿದ್ದ ಎರಡು ಹೊಸ ಕೋಟುಗಳನ್ನು ತಂದು, ತಾನೇ ಹಾಕಿದ್ದ ಹೊಲಿಗೆ ಬಿಚ್ಚತೊಡಗಿದಳು.

ಆಮೇಲೆ ಕೋಟಣ್ಣ ಕಂಡ ಕಂಡ ಗಿರಾಕಿಗಳಿಗೆಲ್ಲ ಹೇಳಿ ಕೋಟು ತರಿಸಿಕೊಂಡು ಬಿಚ್ಚಿಕೊಟ್ಟ. ಕೆಲವರು ನಕ್ಕರು. ಕೆಲವರು ಮತ್ತೆ ಅತ್ತ ಸುಳಿಯಲಿಲ್ಲ. ಪ್ರತಿ ಸಲವೂ ಹೇಳುವಾಗ ಅವನ ಕೈ ತಾನಾಗಿ ಟೇಪಿನ ಆ ಸವೆದ ತುದಿಗೆ ಹೋಗುತ್ತಿತ್ತು.

ಮೇಷ್ಟ್ರು ಈಗಲೂ ಅದೇ ಬೂದು ಕೋಟು ಹಾಕಿಕೊಂಡು ಆ ಬೀದಿಯಲ್ಲಿ ಹೋಗುತ್ತಾರೆ. ಕೋಟಣ್ಣ ಪೆಡಲು ನಿಲ್ಲಿಸಿ ಅವರ ಎದೆಯ ಎಡಭಾಗವನ್ನೇ ನೋಡುತ್ತಾನೆ, ಕನ್ನಡಕ ಒಳಗಿದೆಯೋ ಇಲ್ಲವೋ ಎಂದು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹಾಗೆ ಗೊತ್ತಾಗದಂತೆ ಹೊಲಿದವನು ಅವನೇ.