ದೌಂಡದ ಕಬ್ಬಿನೊಳಗಿನ ಚುಕ್ಕೆ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ನಾನು ಮೊಬೈಲ್ ನೋಡಿಕೊಂಡು ಕೂರುತ್ತಿದ್ದವಳು. ಡ್ರೋನ್ ಹಾರಿಸಿ ಜಮೀನಿನ ನಕ್ಷೆ ಮಾಡುವುದು ನನ್ನ ಕೆಲಸ. ಅಳತೆಗೆ ಸಿಗದ್ದು ಯಾವುದೂ ಇಲ್ಲ ಎಂಬ ಜಂಬವಿತ್ತು. ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಆ ಜಂಬ ಹೋಯಿತು.

ಪುಣೆಯ ನಮ್ಮ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಬಸವರಾಜ ವಿಜಯಪುರದ ಕಡೆಯವರು. ಅವರ ತಾಯಿ ಗಂಗವ್ವ ಪುಣೆಗೆ ಹತ್ತಿರದ ದೌಂಡದಲ್ಲಿ, ರೈಲ್ವೆ ನೌಕರಿಯ ಹಿರಿಮಗನ ಮನೆಯಲ್ಲಿದ್ದರು. ವಯಸ್ಸಾಗಿ ಮರೆವು ಹೆಚ್ಚಿತ್ತು. ಅವತ್ತು ಬೆಳಿಗ್ಗೆ ಫೋನ್ ಬಂತು: ಅವ್ವ ಮನೆಯಲ್ಲಿಲ್ಲ, ಕಬ್ಬಿನ ಹೊಲದ ಕಡೆ ನಡೆದದ್ದನ್ನು ಯಾರೋ ನೋಡಿದ್ದಾರೆ. ಆಳು ಮುಳುಗುವಷ್ಟು ಬೆಳೆದ ಕಬ್ಬು. ಒಳಗೆ ಹೊಕ್ಕವರು ಎರಡು ಮಾರು ದೂರಕ್ಕೂ ಕಾಣುವುದಿಲ್ಲ. ಡ್ರೋನನ್ನು ಕಾರಿಗೆ ಹಾಕಿಕೊಂಡು ಹೊರಟೆವು.

ತಲುಪಿದಾಗ ಬಿಸಿಲು ನೆತ್ತಿಗೇರಿತ್ತು.

"ಲಗೂ ಹಾರಸ್ರಿ ಮೇಡಂ," ಬಸವರಾಜ ಗೋಗರೆದರು.

ಜಿಪಿಎಸ್ ಸಿಗ್ನಲ್ ನೋಡದೆ ನಾನು ಹಾರಿಸುವುದಿಲ್ಲ. ಎಷ್ಟು ಉಪಗ್ರಹ ಸಿಕ್ಕವು ಅನ್ನುವುದಷ್ಟೇ ಸಾಲದು, ಅವು ಆಕಾಶದ ತುಂಬ ಹರಡಿಕೊಂಡಿರಬೇಕು. ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ಡ್ರೋನಿಗೆ ತಾನೆಲ್ಲಿದ್ದೇನೆಂದು ಸರಿಯಾಗಿ ತಿಳಿಯದೆ ಎತ್ತಲೋ ಹೋಗಿಬಿಡುತ್ತದೆ.

ರಿಮೋಟಿನ ಪರದೆಯಲ್ಲಿ ಹದಿನೇಳು ಉಪಗ್ರಹಗಳಿದ್ದವು, ಚೆನ್ನಾಗಿ ಹರಡಿದ್ದವು. ಆದರೆ ನಮ್ಮ ಕಾಲ ಬಳಿಯೇ ಇದ್ದ ಡ್ರೋನು, ತಾನು ಅರ್ಧ ಕಿಲೋಮೀಟರ್ ಆಚೆ ಕಬ್ಬಿನ ನಡುವೆ ಇದ್ದೇನೆ ಎಂದು ನಕ್ಷೆಯಲ್ಲಿ ಚುಕ್ಕೆ ತೋರಿಸುತ್ತಿತ್ತು! ಆರಿಸಿ ಮತ್ತೆ ಚಾಲೂ ಮಾಡಿದೆ. ಅದೇ ಚುಕ್ಕೆ. ಜಾಗ ಬದಲಿಸಿದೆ. ಆಗಲೂ ಅದೇ. ಸಿಗ್ನಲ್ ಕೆಟ್ಟರೆ ಚುಕ್ಕೆ ಅಲೆದಾಡಬೇಕು, ಹೀಗೆ ಮೊಳೆ ಹೊಡೆದಂತೆ ನಿಲ್ಲಬಾರದು.

"ಇದನ್ನ ಹಾರಿಸೋಕಾಗಲ್ಲ ಬಸವರಾಜ್," ಎಂದೆ.

"ಹಾರಸೂದ ಬ್ಯಾಡ್ರಿ." ಅವರು ಆಗಲೇ ಕಬ್ಬಿನತ್ತ ತಿರುಗಿದ್ದರು. "ಆ ಚುಕ್ಕಿ ಇದ್ದಲ್ಲಿಗೇ ಹೋಗೂಣು."

ಹುಚ್ಚುತನ ಅನ್ನಬೇಕಿತ್ತು, ಅನ್ನಲಿಲ್ಲ. ಡ್ರೋನನ್ನು ನೆಲದ ಮೇಲೇ ಬಿಟ್ಟು, ಆ ಜಾಗವನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಂಡು ನುಗ್ಗಿದೆವು. ಗರಿಗಳು ಮುಖ ಗೀರಿದವು. ಇನ್ನೂರು ಮೀಟರ್, ನೂರು, ಇಪ್ಪತ್ತು... ಒಣಗಿದ ಕಾಲುವೆಯ ಅಂಚಿನಲ್ಲಿ ಹಸಿರು ಸೀರೆ ಕಂಡಿತು. ಗಂಗವ್ವ! ತುಟಿ ಒಡೆದಿತ್ತು, ಉಸಿರಿತ್ತು. ಬಸವರಾಜ ಅವ್ವನನ್ನು ತಬ್ಬಿ ಅತ್ತರು. ನಾನಂತೂ ಕುಣಿಯುತ್ತ ಕೂಗುತ್ತಿದ್ದೆ.

ಸಂಜೆ ಅದೇ ಡ್ರೋನು ತನ್ನ ಸ್ಥಾನವನ್ನು ಸರಿಯಾಗಿ ತೋರಿಸಿತು. ಆಮೇಲೆ ಬಲ್ಲವರನ್ನೆಲ್ಲ ಕೇಳಿದೆ. ಹತ್ತಿರದ ಯಾವುದೋ ತಗಡಿನ ಶೆಡ್ಡಿಗೆ ಸಿಗ್ನಲ್ ಬಡಿದು ಹೀಗಾಗಿರಬಹುದು ಎಂದರು. ಹಾಗಾದರೆ ಕೆಲವು ಮೀಟರ್ ತಪ್ಪಬಹುದು. ಅರ್ಧ ಕಿಲೋಮೀಟರ್? ಅದೂ ಗಂಗವ್ವ ಇದ್ದ ಜಾಗಕ್ಕೇ?

ಇದನ್ನಾದರೂ ಕಾಕತಾಳೀಯ ಎಂದು ಬಿಡುತ್ತಿದ್ದೆ. ಆದರೆ ಕಾಲುವೆಯ ಬಳಿ ನೀರು ಕುಡಿಸುವಾಗ ಗಂಗವ್ವ ನನ್ನ ಕೈ ಹಿಡಿದು ಕೇಳಿದ್ದರು: "ಭಾಳ ಹೊತ್ತು ತಲಿ ಮ್ಯಾಲ ಗುಂಯ್ ಅಂತ ನಿಂತಿತ್ತು ಅದು. ಕೈ ಬೀಸಿದ್ನಲ್ಲ, ಕಾಣಲಿಲ್ಲೇನ ತಂಗಿ?"

ನಮ್ಮ ಡ್ರೋನು ನೆಲ ಬಿಟ್ಟಿರಲಿಲ್ಲ. ಆ ದಿನ ಆ ಕಡೆ ಬೇರಾರೂ ಹಾರಿಸಿರಲಿಲ್ಲವೆಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ.

"ಕಾಣಿಸ್ತು ಅಜ್ಜಿ," ಎಂದು ಆಗ ಅವರಿಗೆ ಹೇಳಿಬಿಟ್ಟಿದ್ದೆ. ನಾನು ಹೇಳಿದ್ದು ಸುಳ್ಳೋ ನಿಜವೋ, ಇವತ್ತಿಗೂ ನನಗೆ ಗೊತ್ತಿಲ್ಲ.